ಸೌದೆ ಕರೆಂಟು ಮತ್ತು ಹೊರಗಿನ ಬಾಣಂತಿ

ಒಂದು ಕಾಲಕ್ಕೆ ನಮ್ಮ ಹಟ್ಟಿಗೆ ಕರೆಂಟು ಬರುತ್ತಿದ್ದದ್ದು ಸೌದೆಯಿಂದ. ಈಗಿನ ಹುಡುಗರು ನಂಬುವುದಿಲ್ಲ; ಅವರಿಗೆ ಕರೆಂಟು ಅಂದರೆ ತಿರುಮಣಿ ಕಡೆಯ ಬಿಸಿಲಿನ ಸೋಲಾರ್ ಹಲಗೆಗಳು. ನಮ್ಮದು ಹಟ್ಟಿಯ ಬೇಲಿಯಾಚೆ ಒಂದು ತಗಡಿನ ಶೆಡ್ಡು, ಅದರೊಳಗೆ ಆಳೆತ್ತರದ ಕಬ್ಬಿಣದ ಒಲೆ. ನೀಲಗಿರಿ, ಹೊಂಗೆ ಸೌದೆಯನ್ನು ಸಣ್ಣಗೆ ತುಂಡು ಮಾಡಿ, ಒಣಗಿಸಿ ಮೇಲಿನಿಂದ ಸುರಿಯಬೇಕು. ಗಾಳಿ ಧಾರಾಳವಾಗಿ ಬಿಟ್ಟರೆ ಸೌದೆ ಉರಿದು ಬೂದಿಯಾಗುತ್ತದೆ, ಅಷ್ಟೆ. ಗಾಳಿ ಕಡಿಮೆ ಮಾಡಿದರೆ ಉಸಿರುಗಟ್ಟಿ ಒಂದು ಗ್ಯಾಸು ಬಿಡುತ್ತದೆ. ಅದನ್ನು ನೀರಿನಲ್ಲಿ ತೊಳೆದು, ಡಾಂಬರಿನಂಥ ಜಿಗುಟು ತೆಗೆದು, ತಣ್ಣಗೆ ಮಾಡಿ ಇಂಜಿನ್ನಿಗೆ ಕುಡಿಸುತ್ತಾರೆ. ಇಂಜಿನ್ನು ಡೈನಮೋ ತಿರುಗಿಸುತ್ತದೆ, ದೀಪ ಹತ್ತುತ್ತದೆ. ಕಲ್ಲಿದ್ದಲು ಸುಡುವ ದೊಡ್ಡ ಕಾರ್ಖಾನೆಗಳಲ್ಲಿ ನೀರು ಕಾಯಿಸಿ, ಹಬೆಯಿಂದ ತಿರುಗಿಸುತ್ತಾರಂತೆ.

ನನ್ನ ಸೊಸೆ ಹೆತ್ತು ಆಸ್ಪತ್ರೆಯಿಂದ ಬಂದಾಗ ಮಳೆಗಾಲ. ನಮ್ಮಲ್ಲಿ ಪುರುಡು, ಅಂದರೆ ಹೆರಿಗೆಯ ಮೈಲಿಗೆ, ಕಳೆಯುವ ತನಕ ಬಾಣಂತಿ ಹಟ್ಟಿಯೊಳಗೆ ಕಾಲಿಡುವ ಹಾಗಿಲ್ಲ. ಕೂಸಿನ ಜೊತೆ ಹೊರಗಿನ ಗುಡಿಸಲಲ್ಲಿ ಇರಬೇಕು. ಆ ಗುಡಿಸಲಿನ ಸೂರು ಗಾಳಿಗೆ ಹಾರಿಹೋಗಿತ್ತು. ಹೊದಿಸಿ ಎಂದು ನಾನು ಸೊಸೆಯ ಹೊಟ್ಟೆ ಕಾಣುವ ಮುಂಚಿನಿಂದ ಬಾಯಿ ಬಡಿದುಕೊಂಡಿದ್ದೆ. ಗಂಡಸರಿಗೆ ಬಿಡುವಿರಲಿಲ್ಲ. ಕಟ್ಟೆ ಮೇಲೆ ಕೂರಬೇಕಲ್ಲ.

ಹಟ್ಟಿಯ ಯಜಮಾನ ನನ್ನ ಭಾವನೇ. "ಕರೆಂಟ್ ಶೆಡ್ಡಲ್ಲಿ ಇರ್ಲಿ ಬುಡಮ್ಮ. ಬೆಚ್ಚಗೈತೆ," ಅಂದರು. ನನ್ನ ಮಗ ಕುರಿ ಎಣಿಸುವವನಂತೆ ಆಚೆ ತಿರುಗಿ ನಿಂತ.

ಸಂಜೆ ಇಂಜಿನ್ ಹಾಕಲು ಬಂದವನು ಪಕ್ಕದೂರಿನವನು. ಸೊಸೆಯನ್ನು ನೋಡಿ ಹೌಹಾರಿದ.

"ಯಾರಮ್ಮ ಇಲ್ಲಿ ಮಲಗ್ಸಿದ್ದು? ಈ ಪೈಪಿಂದ ಗ್ಯಾಸು ಸೋರ್ತೈತೆ. ಆ ವಿಷಕ್ಕೆ ವಾಸ್ನೆ ಇಲ್ಲ. ಮೊದ್ಲು ತಲೆ ನೋಯ್ತದೆ, ಆಮೇಲೆ ನಿದ್ದೆ. ಆಮೇಲೆ ಏಳಾದೇ ಇಲ್ಲ."

"ಕೂಸಿಗೂನಾ?" ಎಂದಳು ಸೊಸೆ.

"ಕೂಸಿಗೇ ಮೊದ್ಲು."

ಅವನದು ಕರುಣೆಯಲ್ಲ, ಪೊಲೀಸರ ಭಯ. ಅಂತೂ ಇಂಜಿನ್ ಹಾಕಲಿಲ್ಲ. ಹಟ್ಟಿಯಲ್ಲಿ ನೀರಿನ ಮೋಟರೂ ಓಡಲಿಲ್ಲ, ಟಿವಿಯೂ ಹತ್ತಲಿಲ್ಲ. ಭಾವ ಬಂದು, ಮೈಲಿಗೆ ತಾಕದಷ್ಟು ದೂರದಲ್ಲಿ ನಿಂತು ಕೂಗಿದರು.

"ಲೇ, ಯಾಕ್ಲಾ ಕರೆಂಟು ಬುಟ್ಟಿಲ್ಲ?"

"ಬುಟ್ರೆ ಗ್ಯಾಸಿಗೆ ಕೂಸು ಸಾಯ್ತದೆ. ಇವ್ರನ್ನ ಒಳಕ್ಕೆ ಕರ್ಕಳಿ ಯಜಮಾನ್ರೇ, ಬುಡ್ತೀನಿ."

"ಒಳಕ್ಕಾ? ದೇವ್ರು ಕಣ್ಣು ಕೀಳ್ತಾನೆ. ಬಾಗ್ಲು ತೆಗ್ದಿಟ್ಟು ಇಂಜಿನ್ ಹಾಕ್ಲಾ!"

ನಾನು ಹೋಗಿ ಸೊಸೆಯ ಪಕ್ಕ ಕೂತೆ. "ಹಾಕಪ್ಪ, ನಾನೂ ಇಲ್ಲೇ ಇರ್ತೀನಿ," ಅಂದೆ. "ಭಾವ, ಹೆತ್ತಿದ್ದಕ್ಕೆ ಮೈಲಿಗೆ ಇವ್ಳೊಬ್ಳಿಗೆ. ಮೂರು ಹೆಣ ಬಿದ್ರೆ ಸೂತಕ ನಿಮ್ಗೆಲ್ಲಾರ್ಗೂ. ಆಗ ದೇವ್ರ ಬಾಗ್ಲು ಯಾರು ತೆಗೀತೀರಿ?"

ಭಾವನ ಮುಖ ಬಿಳಿಚಿಕೊಂಡಿತು. ಕೂಸು ಸಾಯುತ್ತದೆ ಎಂದಾಗ ಬಿಳಿಚಿರಲಿಲ್ಲ.

ಕತ್ತಲಾಗುವ ಮುಂಚೆ ಗುಡಿಸಲಿಗೆ ಸೂರು ಬಂತು. ಅಷ್ಟು ದಿನ ಬಿಡುವಿಲ್ಲದವರೆಲ್ಲ ತೆಂಗಿನ ಗರಿ ಹೊತ್ತು ಓಡಿ ಬಂದರು. ನನ್ನ ಮಗನೂ ಏಣಿ ಹತ್ತಿದ. ಸೊಸೆ ಅವನತ್ತ ಒಮ್ಮೆಯೂ ನೋಡಲಿಲ್ಲ.

ಒಂದು ಬಲ್ಬಾದರೂ ಹಾಕಿಕೊಡಿ, ಹುಳಹುಪ್ಪಟೆ ಇರುತ್ತದೆ ಎಂದೆ. ಭಾವ ಯೋಚಿಸಿ ಇಂಜಿನ್ನಿನವನನ್ನು ಕೇಳಿದರು: "ತಂತೀಲಿ ಹೋಗಿದ್ದು ವಾಪಸ್ ಬರ್ತೈತೇನ್ಲಾ?"

"ಬರ್ಲೇಬೇಕಲ್ಲ. ಒಂದ್ ತಂತೀಲಿ ಹೋಗ್ತದೆ, ಇನ್ನೊಂದ್ರಲ್ಲಿ ಬರ್ತದೆ."

"ಅದೇ ಮತ್ತೆ! ಬಾಣಂತಿ ತಾವ ಹೋಗ್ಬಂದಿದ್ದು ದೇವ್ರ ಮನೇಲಿ ಉರೀಬೇಕಾ?"

ಬಲ್ಬು ಬರಲಿಲ್ಲ. ತುಂಬು ಬಸುರಿಯಾಗುವ ತನಕ ಆ ಒಲೆಗೆ ಸೌದೆ ಕಡಿದು ಹೊತ್ತವಳು ಈ ಸೊಸೆಯೇ. ಆ ಸೌದೆಗೆ ಮೈಲಿಗೆ ಇರಲಿಲ್ಲ.

ಈಗ ಇಂಜಿನ್ನು ಗುಜರಿಗೆ ಹೋಗಿದೆ. ಗುಡಿಸಲು ಮಾತ್ರ ಗಟ್ಟಿಯಾಗಿದೆ, ಮೇಲೆ ಶೀಟು ಹೊದಿಸಿದ್ದಾರೆ. ಆ ಹೆಣ್ಣುಕೂಸು ಬದುಕಿ ಬೆಳೆದು ನನಗೇ ಎದುರು ಮಾತಾಡುತ್ತಾಳೆ. ಆಡಲಿ.

ನಾವು ಗುಡಿಸಲು ಸೇರಿದ ಆ ಸಂಜೆ ಇಂಜಿನ್ನು ಗುಡುಗುಟ್ಟಿ ಹಟ್ಟಿಯೆಲ್ಲ ಬೆಳಗಿತು. ದೇವರ ಮನೆಯ ಬಣ್ಣದ ದೀಪ ಗುಡಿಸಲ ಬಾಗಿಲಿಂದಲೇ ಕಾಣುತ್ತಿತ್ತು. ಬಾಣಂತಿಯನ್ನು ಮುಟ್ಟಿದ್ದಕ್ಕೆ ನಾನೂ ಹೊರಗೇ ಉಳಿದಿದ್ದೆ. ಗರಿಗಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅತ್ತೆ, ಆ ಶೆಡ್ಡೇ ಬೆಚ್ಚಗಿತ್ತು," ಎಂದಳು ಸೊಸೆ.

"ಸಾಯೋ ಜಾಗ ಬೆಚ್ಚಗೇ ಇರ್ತದೆ ಕಣಮ್ಮ. ಕೂಸಿಗೆ ಸೆರಗು ಹೊದ್ಸು."

ಅವಳು ಹೊದಿಸಿದಳು. ಆಮೇಲೆ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟು, ಇಟ್ಟುಕೊಂಡೇ ಕೂತಳು.