ಸ್ಟೆಲ್ಲಾ ಮಿಸ್ ನೋಡಿರದ ಪತ್ರ

ಆ ಪತ್ರವನ್ನು ನೀವು ನೋಡಿರಲಿಲ್ಲ, ಸ್ಟೆಲ್ಲಾ ಮಿಸ್. ನೋಡಿದ್ದೀರಿ ಎಂದು ಮ್ಯಾನೇಜರ್ ಮುಂದೆ ಸುಳ್ಳು ಹೇಳಿದವಳು ನಾನು.

ಕಲಬುರಗಿಯಿಂದ ಬಂದು ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿದ್ದೆ. ಸಿ.ವಿ. ರಾಮನ್ ನಗರದ ಆಫೀಸಿನಲ್ಲಿ ನಮ್ಮ ಕೆಲಸ, ಫ್ರಾನ್ಸಿನ ವಿಮಾ ಕಂಪನಿಯೊಂದರ ಗ್ರಾಹಕರಿಗೆ ಫ್ರೆಂಚಿನಲ್ಲಿ ಪತ್ರ ಬರೆಯುವುದು. ನಾನು ಬರೆದದ್ದನ್ನು ನೀವು ನೋಡಿದ ಮೇಲೆಯೇ ಕಳಿಸಬೇಕು. ಕಾಲೇಜಿನಲ್ಲಿ ಕಲಿತ ಫ್ರೆಂಚು ವ್ಯವಹಾರದ ಒಂದು ಪತ್ರಕ್ಕೂ ಸಾಲುತ್ತಿರಲಿಲ್ಲ. ಪತ್ರದ ಕೊನೆಗೆ ಅಷ್ಟುದ್ದದ ವಂದನೆ ಏಕೆಂದು ಗೊಣಗಿದರೆ ನೀವು ನಗುತ್ತಿದ್ದಿರಿ: "ಮನೆಗೆ ಬಂದೋರನ್ನ ಗೇಟ್ ತನಕ ಬಿಟ್ಟು ಬರಲ್ವೇನಮ್ಮಾ? ಅದೇ ಇದು." ನಿಮ್ಮ ಊಟದ ಹೊತ್ತನ್ನೆಲ್ಲ ನನಗೇ ಕೊಟ್ಟಿರಿ. ಇಂದು ನಾನು ತಿನ್ನುವ ಅನ್ನದಲ್ಲಿ ನಿಮ್ಮ ಋಣವಿದೆ.

ಅಂಥವರಿಗೆ — ಉಂಡ ಮನೆಗೆ ಎರಡು ಬಗೆದವಳು ನಾನು.

ಆ ಪತ್ರ ಬರೆದ ದಿನ ನಿಮಗಾಗಿ ಕಾಯುವ ತಾಳ್ಮೆ ಇರಲಿಲ್ಲ. ದೊಡ್ಡ ಜಾಣೆಯೆಂಬ ಜಂಬ ಬೇರೆ. ಪಾಲಿಸಿ ಮುಗಿಸಲು ಕೇಳಿ ಬಂದಿದ್ದ ಪತ್ರವನ್ನು ಪೂರ್ತಿ ಓದದೆ, ಸಿದ್ಧವಿದ್ದ ಮಾದರಿಯಲ್ಲಿ ಹೆಸರು ತುಂಬಿ ಕಳಿಸಿಬಿಟ್ಟೆ: "ನೀವು ನಮ್ಮನ್ನು ಬಿಟ್ಟು ಹೋದದ್ದಕ್ಕೆ ವಿಷಾದವಿದೆ. ಬೇಗನೆ ಮರಳಿ ಬರುವಿರೆಂದು ನಂಬಿದ್ದೇವೆ." ಆ ಮನುಷ್ಯ ತೀರಿಕೊಂಡಿದ್ದರು. ನಮಗೆ ಬರೆದಿದ್ದವರು ಅವರ ಹೆಂಡತಿ.

ಆಕೆಯ ದೂರು ಬಂದಾಗ ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. "ಸ್ಟೆಲ್ಲಾ ಮಿಸ್ ನೋಡ್ಯಾರ್ರೀ ಸರ್" ಎಂದೆ. ನೀವು ನನ್ನತ್ತ ತಿರುಗಿದಿರಿ. ಈಗಲಾದರೂ ನಿಜ ಹೇಳಿಯಾಳು ಎಂದು ಕಾದಿರಿ — ನಾನು ನೆಲ ನೋಡಿದೆ. "ಹೌದು ಸರ್, ನಂದೇ ತಪ್ಪು" ಎಂದುಬಿಟ್ಟಿರಿ. ನಿಮಗೆ ಬರಬೇಕಿದ್ದ ತಂಡದ ಮುಖ್ಯಸ್ಥೆಯ ಹುದ್ದೆ ತಪ್ಪಿತು. ನನ್ನ ಕೆಲಸ ಉಳಿಯಿತು.

ಅಂದೇ ಮಧ್ಯಾಹ್ನ ಆ ಹೆಂಗಸಿಗೆ ಕ್ಷಮಾಪಣೆ ಬರೆಯಲು ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡಿರಿ. "ತಪ್ಪಾಗಿದೆ ಅಂತ ಮೊದಲನೇ ಸಾಲಲ್ಲೇ ಹೇಳ್ಬಿಡ್ಬೇಕಮ್ಮಾ. ಕಾರಣ ಹೇಳೋಕೆ ಹೋಗ್ಬಾರ್ದು. ಗಂಡನ್ನ ಕಳ್ಕೊಂಡೋರಿಗೆ ನಮ್ಮ ಕಾರಣ ಕಟ್ಕೊಂಡು ಏನಾಗ್ಬೇಕು?" ಕೆಳಗೆ ನಿಮ್ಮ ಹೆಸರನ್ನೇ ಹಾಕಿದಿರಿ. ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೆ...

ನೀವು ನಿವೃತ್ತರಾದಿರಿ. ನಿಮಗೆ ತಪ್ಪಿದ ಆ ಹುದ್ದೆಯಲ್ಲಿ ಈಗ ನಾನಿದ್ದೇನೆ. ಹೊಸಬರಿಗೆ ನಿಮ್ಮ ಮಾತನ್ನೇ ಕಲಿಸುತ್ತೇನೆ, ನಿಮ್ಮ ಹೆಸರನ್ನೂ ಹೇಳುತ್ತೇನೆ; ನನ್ನ ಸುಳ್ಳನ್ನು ಮಾತ್ರ ಹೇಳಿರಲಿಲ್ಲ. ನಿನ್ನೆ ಹೇಳಿದೆ — ಮ್ಯಾನೇಜರಿಗೂ, ನನ್ನ ಕೈಕೆಳಗಿನ ಹುಡುಗಿಯರಿಗೂ.

ಭಾನುವಾರ ನೀವು ಚರ್ಚಿನಿಂದ ಮರಳುವ ಹೊತ್ತಿಗೆ ಕಾಕ್ಸ್ ಟೌನಿನ ನಿಮ್ಮ ಮನೆಗೆ ಬರುತ್ತೇನೆ. ಮೊದಲ ಸಾಲನ್ನು ಗೇಟಿನ ಹೊರಗೇ ನಿಂತು ಹೇಳುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿಮಗೆ ಸೇರಿದ್ದು.