ಹಳೇ ಹಾಸ್ಯ ಧಾರಾವಾಹಿ ಮತ್ತು ನಮ್ಮ ಮನೆಯ ಆಣೆ

ಟಿ.ವಿ.ಯ ಹಳೇ ಕಾಮಿಡಿಗಳನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಆಗ ಕಕ್ಕಿಂಜೆಯಲ್ಲಿ ನಮ್ಮ ಪಕ್ಕದ ಮನೆಯವರಲ್ಲಿ ಟಿ.ವಿ. ಇತ್ತು. ಬೀಡಿ ಕಟ್ಟುವ ಹೆಂಗಸರು ನಾವೆಲ್ಲ ಎಲೆ, ಹೊಗೆಸೊಪ್ಪಿನ ಪುಡಿ ಹಾಕಿದ ತಡ್ಪೆ, ಅಂದರೆ ಮೊರ, ಮಡಿಲಲ್ಲಿಟ್ಟುಕೊಂಡು ಅಲ್ಲಿ ಕೂರುತ್ತಿದ್ದೆವು. ಬೀಡಿ ಕಟ್ಟುವವಳ ಕಣ್ಣು ಕೈಯ ಮೇಲೆಯೇ ಇರಬೇಕು. ಹಾಗಾಗಿ ಧಾರಾವಾಹಿ ಕಿವಿಗೆ ಮಾತ್ರ. ನಡುನಡುವೆ ತುಂಬ ಜನ ಒಟ್ಟಿಗೆ ನಗುವ ಶಬ್ದ ಬರುತ್ತಿತ್ತು. ಅದು ಬಂತೆಂದರೆ ಏನೋ ತಮಾಷೆ ಆಗಿದೆ, ತಲೆ ಎತ್ತಬೇಕು ಎಂದು ಲೆಕ್ಕ. ಎತ್ತಿ ನೋಡಿದರೆ ಹೆಚ್ಚಾಗಿ ಯಾವುದೋ ಹೆಣ್ಣು ಸೆರಗು ಸರಿಮಾಡಿಕೊಳ್ಳುತ್ತಿರುತ್ತಿದ್ದಳು. ಎದುರಿಗೆ ಡೊಳ್ಳುಹೊಟ್ಟೆಯವನೊಬ್ಬ ಹಲ್ಲು ಕಿಸಿದು ನಿಂತಿರುತ್ತಿದ್ದ.

"ಇದರಲ್ಲಿ ನಗ್ಲಿಕ್ಕೆ ಎಂಥ ಉಂಟು?" ಎಂದು ಒಮ್ಮೆ ಕೇಳಿದೆ.

"ನಿಮಗೆ ಕಾಮಿಡಿ ಅರ್ಥ ಆಗುದಿಲ್ಲ ಅಕ್ಕ, ನೀವು ಬೀಡಿ ಕಟ್ಟಿ," ಎಂದಳು ಟಿ.ವಿ. ಮನೆಯವಳು.

ಈಗಲೂ ಅರ್ಥ ಆಗಿಲ್ಲ. ಆಗುವ ಆಸೆಯೂ ಇಲ್ಲ.

ಮಗಳನ್ನು ಕೊಟ್ಟದ್ದು ತೋಡಾರಿಗೆ. ಮೊನ್ನೆ ಬೇಸಿಗೆಯಲ್ಲಿ ಮಂಡಿನೋವಿನ ಮದ್ದಿಗೆಂದು ಹೋಗಿ ಅವಳ ಮನೆಯಲ್ಲಿ ಉಳಿದಿದ್ದೆ. ಅಳಿಯನಿಗೆ ಊಟದ ಹೊತ್ತಿಗೆ ಮೊಬೈಲಿನಲ್ಲಿ ಹಳೇ ಧಾರಾವಾಹಿ ಹುಡುಕಿ ಟಿ.ವಿ.ಗೆ ಹಾಕುವ ಚಟ. "ಈಗಿನದ್ದೆಲ್ಲ ಬರೀ ಅಳುವುದು ಅತ್ತೆ. ಆಗಿನದ್ದು ನೋಡಿ, ಮನೆಮಂದಿ ಎಲ್ಲ ಕೂತು ನೋಡ್ಬಹುದು," ಎಂದು ಹಾಕಿದ. ಮನೆಮಂದಿ ಎಲ್ಲ ಕೂತು ನೋಡಿದ್ದು ಇಷ್ಟು: ಒಂದು ಆಫೀಸು. ಮ್ಯಾನೇಜರ್ ಟೈಪಿಸ್ಟ್ ಹುಡುಗಿಯ ಹಿಂದೆ ಫೈಲಿನ ಕೋಣೆಗೆ ಹೋಗಿ ಬಾಗಿಲು ಹಾಕುತ್ತಾನೆ. ಒಳಗೆ ದಡಬಡ. ಹುಡುಗಿ ಜಡೆ ಬಿಚ್ಚಿಹೋಗಿ ಹೊರಗೆ ಓಡಿ ಬರುತ್ತಾಳೆ. ನಗು. ಅವಳು ಮ್ಯಾನೇಜರನ ಹೆಂಡತಿಗೆ ದೂರು ಹೇಳಿದರೆ ಆ ಹೆಂಗಸು, "ಅಷ್ಟುದ್ದ ಮಲ್ಲಿಗೆ ಮುಡಿದು ಫೈಲ್ ಹುಡುಕಲಿಕ್ಕೆ ಹೋದದ್ದು ಯಾಕಮ್ಮಾ?" ಎನ್ನುತ್ತಾಳೆ. ಇನ್ನೂ ದೊಡ್ಡ ನಗು. ಕೊನೆಗೆ ಹುಡುಗಿಯೇ ಕೈಮುಗಿದು ತಪ್ಪಾಯಿತು ಎನ್ನುತ್ತಾಳೆ, ಆ ಹಲ್ಕನ ಕೈಯಿಂದಲೇ ಲಾಡು ತಿನ್ನುತ್ತಾಳೆ. ಸುಖಾಂತ್ಯವಂತೆ. ಇದನ್ನು ಬರೆದವನು ಡಿಗ್ರಿ ಓದಿದವನೇ ಇರಬೇಕು. ಓದದವರಿಗೆ ಇಷ್ಟು ಹೊಲಸು ಹೊಳೆಯುವುದಿಲ್ಲ.

ಅಳಿಯ ನಗುತ್ತಾ ನಗುತ್ತಾ ಸಾರು ಬಡಿಸಿಕೊಂಡ. ಮೊಮ್ಮಗಳು ಅರ್ಧ ಊಟದಲ್ಲಿ ಎದ್ದು ಹೋದಳು.

ಅವಳು ಡಿಗ್ರಿ ಮುಗಿಸಿ ಮೂಡುಬಿದಿರೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಅಂಗಡಿಯವನು ಅಳಿಯನ ಚಿಕ್ಕಮ್ಮನ ಮಗ. ನಾನು ಹಿಂದೆಯೇ ಹೋದೆ. ಅವಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು.

"ಎಂಥ ಆಯ್ತು?"

"ಆ ಜನ ಮೇಲಿನ ಗೋಡೌನಿನಲ್ಲಿ ನನ್ನನ್ನು ಹಿಡ್ಕೊಂಡ ಅಜ್ಜಿ. ಬಿಡಿಸಿಕೊಂಡು ಬಂದೆ. ಪೊಲೀಸಿಗೆ ಕೊಡ್ತೇನೆ ಅಂದ್ರೆ ಅಮ್ಮ ಬೇಡ ಅಂತಾಳೆ."

ಅಂಗಡಿಯವನನ್ನು ಚಿಕ್ಕಪ್ಪ ಎನ್ನಲಿಲ್ಲ, ಹೊರಗಿನವನ ಹಾಗೆ ಜನ ಎಂದಳು. ಸರಿಯಾಗಿಯೇ ಹೇಳಿದಳು.

ಮಗಳನ್ನು ಕರೆದು ಕೇಳಿದೆ. ಅವಳಿಗೆ ಒಂದು ವಾರದಿಂದ ಗೊತ್ತಿತ್ತು. "ಇವಳು ಒಬ್ಬಳೇ ಮೇಲೆ ಯಾಕೆ ಹೋಗ್ಬೇಕಿತ್ತು ಅಮ್ಮ? ನಾಳೆ ಯಾರು ಮದುವೆ ಆಗ್ತಾರೆ?" ಎಂದಳು. ನಾನು ಹೆತ್ತವಳೇ ಇದು. ಟಿ.ವಿ.ಯಲ್ಲಿ ಆ ಹೆಂಗಸು ಹೇಳಿದ್ದನ್ನೇ ಮಲ್ಲಿಗೆ ಬಿಟ್ಟು ಹೇಳಿದಳು.

ಅಳಿಯನ ಕಿವಿಗೂ ಬಿತ್ತು. ಆ ದಿನ ಅವನು ಸಿಟ್ಟಿನಲ್ಲಿ ಹಾರಾಡಿದ. ಮರುದಿನ ಕುಟುಂಬದವರೊಂದಿಗೆ ಫೋನಿನಲ್ಲಿ ಮಾತಾಡಿ ಮೆತ್ತಗಾದ. "ಸ್ಟೇಷನ್ ಎಲ್ಲ ಬೇಡ. ಕುಟುಂಬದ ದೈವದ ಎದುರು ಇಡುವ ಅಂತ ತೀರ್ಮಾನ ಆಯ್ತು," ಎಂದ. ನಮ್ಮ ಕಡೆ ಇದೊಂದು ಕ್ರಮ. ಜಗಳ ಬಿದ್ದರೆ ದೈವದ ಎದುರು ತೆಂಗಿನಕಾಯಿ ಮುಟ್ಟಿ ಆಣೆ ಹಾಕುವುದು. ಸುಳ್ಳು ಹೇಳಿದವರನ್ನು ದೈವ ನೋಡಿಕೊಳ್ಳುತ್ತದೆ. ಆಣೆ ಆದ ಮೇಲೆ ಯಾರೂ ಸ್ಟೇಷನಿನ ಮೆಟ್ಟಿಲು ಹತ್ತುವ ಹಾಗಿಲ್ಲ.

ಆದಿತ್ಯವಾರ ಅಂಗಡಿಯವನ ಅಣ್ಣ ಬಂದ. ಬಿಳಿ ಪಂಚೆ, ಹಣೆಗೆ ಗಂಧ. ಅಳಿಯನ ಮನೆಯಲ್ಲೇ ಇರುವ ದೈವದ ಕೋಣೆಯ ಎದುರು ಬಾಳೆಲೆ ಹಾಕಿ, ಅಕ್ಕಿ, ಅಡಿಕೆಯ ಹಿಂಗಾರ, ತೆಂಗಿನಕಾಯಿ ಇಟ್ಟು, "ಮಗು, ಬಾ. ಇದನ್ನು ಮುಟ್ಟಿ ಹೇಳು, ನೀನು ಹೇಳಿದ್ದು ಸತ್ಯ ಅಂತ," ಎಂದ.

ಮೊಮ್ಮಗಳು ನನ್ನ ಮುಖ ನೋಡಿದಳು.

"ನಿಮ್ಮ ತಮ್ಮ ಎಲ್ಲಿ?" ಎಂದೆ.

"ಅವನಿಗೆ ಅಂಗಡಿಯಲ್ಲಿ ರಶ್ ಉಂಟು. ಮದುವೆ ಸೀಸನ್ ಅಲ್ವಾ?"

"ಅಲ್ಲ ಮಾರಾಯ್ರೆ, ಕಳವಾದ ಮನೆಯವರು ಆಣೆ ಹಾಕುವುದೋ, ಕದ್ದವ ಹಾಕುವುದೋ?"

"ದೂರು ಹೇಳಿದವಳು ಇವಳಲ್ವಾ? ಸತ್ಯ ಆದ್ರೆ ಹೆದರುವುದು ಯಾಕೆ?"

"ಅವಳಿಗೆ ಹೆದರಿಕೆ ಇಲ್ಲ. ನಿಮ್ಮ ತಮ್ಮನೂ ಬರಲಿ, ಇಬ್ಬರೂ ಮುಟ್ಟಲಿ. ನಾನು ಇಲ್ಲೇ ಕೂತ್ಕೊಳ್ತೇನೆ."

ಅವನು ಹೊರಗೆ ಹೋಗಿ ಫೋನ್ ಮಾಡಿದ. ಹಲಸಿನ ಮರದ ಬುಡದಲ್ಲಿ ಬಹಳ ಹೊತ್ತು ಅತ್ತಿತ್ತ ನಡೆದ. ಬಂದು, "ಇದಕ್ಕೆಲ್ಲ ಅವನು ಆಣೆ ಹಾಕುವುದಿಲ್ಲ. ಹೆಂಡತಿ ಮಕ್ಕಳು ಇರುವವ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದ.

ಹೇಳಿದ ಮೇಲೆ ಅವನಿಗೇ ಗೊತ್ತಾಯಿತು ಏನು ಹೇಳಿದೆ ಎಂದು. ಅಳಿಯನಿಗೂ ಗೊತ್ತಾಯಿತು. ಕುಟುಂಬದ ದೊಡ್ಡವರು ದೈವವನ್ನು ನಂಬುತ್ತಾರೆ, ಅದರಲ್ಲಿ ಸಂಶಯ ಇಲ್ಲ. ಎಷ್ಟು ನಂಬುತ್ತಾರೆ ಎಂದರೆ ಗಂಡಸನ್ನು ಅದರ ಎದುರು ನಿಲ್ಲಿಸಲು ಹೆದರುತ್ತಾರೆ. ಹುಡುಗಿಯನ್ನು ನಿಲ್ಲಿಸಲು ಹೆದರಿಕೆ ಇಲ್ಲ. ಅವಳಿಗೆ ಹೆಚ್ಚುಕಮ್ಮಿ ಆದರೆ ಅಡ್ಡಿಯಿಲ್ಲವಲ್ಲ.

"ಹಾಗಾದ್ರೆ ಹೊರಡಿ," ಎಂದ ಅಳಿಯ ಅಂಗಡಿಯವನ ಅಣ್ಣನಿಗೆ, ನೆಲ ನೋಡುತ್ತಾ. ಆ ಮನೆಯಲ್ಲಿ ಅವನ ಬಾಯಿಂದ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ.

ಮರುದಿನ ನಾವು ನಾಲ್ಕು ಜನ ಬಸ್ಸು ಹತ್ತಿ ಠಾಣೆಗೆ ಹೋದೆವು. ಇಳಿಯುವಾಗ ಮಗಳು ಹುಡುಗಿಯ ಕೈ ಹಿಡಿದುಕೊಂಡಳು. ನಾನು ಕಂಡರೂ ಕಾಣದ ಹಾಗೆ ಇದ್ದೆ. ಒಳಗೆ ಪೊಲೀಸ್ ಹೆಂಗಸೊಬ್ಬರು ಕುರ್ಚಿ ತೋರಿಸಿ, ಆದದ್ದನ್ನು ಮೊದಲಿನಿಂದ ಹೇಳಿ ಎಂದರು. ಅಳಿಯ ಗಂಟಲು ಸರಿಮಾಡಿಕೊಂಡ.

"ಅದು ಮೇಡಂ, ನಮ್ಮ ಹುಡುಗಿ ಸ್ವಲ್ಪ ಪಾಪದವಳು, ಅವಳಿಗೆ ಗೊತ್ತಾಗದೆ..."

"ಅಪ್ಪ, ನೀವು ಹೊರಗೆ ಕೂತ್ಕೊಳ್ಳಿ," ಎಂದಳು ಮೊಮ್ಮಗಳು.

ಅವನು ನನ್ನ ಕಡೆ ನೋಡಿದ. ನಾನು ಬಾಗಿಲಿನ ಕಡೆ ನೋಡಿದೆ. ಎದ್ದು ಹೋದ.

ಅವಳು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು. "ಗಿರಾಕಿಗಳು ಮದುವೆಗೆ ರೇಷ್ಮೆ ಸೀರೆ ಕೇಳಿದ್ರು ಮೇಡಂ. ಆ ಬಣ್ಣದ್ದು ಕೆಳಗೆ ಇರ್ಲಿಲ್ಲ. ತರ್ಲಿಕ್ಕೆ ಮೇಲೆ ಹೋದೆ. ನನ್ನ ಕೆಲಸವೇ ಅದು," ಎಂದು ಶುರುಮಾಡಿದಳು.