ಎಲ್ಲ ಪುಟಕ್ಕೂ ಒಬ್ಬನೇ

ಬಿಟ್ಟಿಯಾಗಿ ದುಡಿದು, ಮಾಡಿದ್ದನ್ನೆಲ್ಲ ಲೋಕಕ್ಕೆ ತೆರೆದಿಟ್ಟು, ಉಪಗ್ರಹ ಕಟ್ಟಹೊರಟ ಬಳಗವೊಂದಿತ್ತು. ಅದರ ವೆಬ್‌ಸೈಟಿನ ಪುಟಗಳನ್ನು ಯೋಜಿಸುವ ಕೆಲಸ ಬಳಗದಲ್ಲಿದ್ದ ರೇಡಿಯೊ ರಿಪೇರಿಯವನೊಬ್ಬನ ಪಾಲಿಗೆ ಬಂತು. ಒಂದೊಂದು ಕೆಲಸಕ್ಕೂ ಒಂದೊಂದು ಪುಟ, ಪುಟದ ತಲೆಯಲ್ಲಿ ಹೊಣೆ ಹೊತ್ತವರ ಹೆಸರು. ಒಬ್ಬೊಬ್ಬರೇ ಬಳಗದಿಂದ ಜಾರಿಕೊಂಡಂತೆಲ್ಲ, ಪುಟ ಬೋಳಾಗಬಾರದೆಂದು ಅವನು ತನ್ನ ಹೆಸರನ್ನೇ ತುಂಬುತ್ತ ಬಂದ.

"ಅಲ್ಲ ಕಣೋ, ಪಲ್ಲಕ್ಕಿ ಹೊರೋನೂ ನೀನೇ, ಒಳಗೆ ಕೂರೋನೂ ನೀನೇನಾ?" ಎಂದು ಅವನ ಅಕ್ಕ ನಕ್ಕಳು.

"ಹೊಸಬರು ನೋಡಿದ್ರೆ ಬಳಗ ಇನ್ನೂ ಬದುಕಿದೆ ಅನ್ನಿಸ್ಬೇಕಲ್ಲಕ್ಕಾ."

ಕಾದು ಕಾದು ಕೊನೆಗೊಬ್ಬಳು ಹೊಸಬಳು ಬಂದಳು. ಪುಟಗಳನ್ನೆಲ್ಲ ಓದಿ, "ಎಲ್ಲಾನೂ ನೀವೇ ಮಾಡ್ತಿದ್ದೀರಲ್ಲ ಸರ್, ನನಗೇನೂ ಉಳಿದಿಲ್ಲ" ಎಂದು ಬರೆದು ಹೊರಟುಹೋದಳು.

ಅವನು ತನ್ನ ಹೆಸರು ಅಳಿಸಲು ಕೂತ. ಆ ಜಾಗದಲ್ಲಿ ಬರೆಯಲು ಇನ್ನೊಬ್ಬರ ಹೆಸರು ಹೊಳೆಯಲೇ ಇಲ್ಲ.